ಚಳಿಗಾಲದಲ್ಲಿ ಹಿತ್ತಲ ಕೋಳಿ: ಮೊದಲು ಒಣನೆಲ, ಆಮೇಲೆ ಶಾಖ

ಬೀದರ್, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿಗೆ ಇಳಿಯುವುದುಂಟು. ಕೋಳಿಗಳಿಗೆ ಚಳಿಯಾದೀತೆಂದು ಹಲವರು ಗೂಡನ್ನು ಪ್ಲಾಸ್ಟಿಕ್ ಹಾಳೆಯಿಂದ ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳೆದ ಜವಾರಿ ಕೋಳಿ, ಗಿರಿರಾಜ, ಸ್ವರ್ಣಧಾರ, ಗಿನಿ ಕೋಳಿ ಎಲ್ಲವೂ ಇಷ್ಟು ಚಳಿಯನ್ನು ಪುಕ್ಕ ಉಬ್ಬಿಸಿಕೊಂಡೇ ತಡೆದುಕೊಳ್ಳುತ್ತವೆ. ತೇವ ಮತ್ತು ಕೆಟ್ಟ ಗಾಳಿಯನ್ನು ಮಾತ್ರ ತಡೆಯಲಾರವು. ಮುಚ್ಚಿದ ಗೂಡಿನಲ್ಲಿ ಉಸಿರಿನ ತೇವ ಹೊರಹೋಗದೆ ಹಾಸು ಒದ್ದೆಯಾಗುತ್ತದೆ, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಕಣ್ಣು ಊದಿಕೊಂಡು ಗೊರಗೊರ ಉಸಿರು ಶುರುವಾಗುತ್ತದೆ.

ಗಾಳಿ ಬೀಸುವ ಕಡೆಗೆ ಮಾತ್ರ, ಕೋಳಿ ಕೂರುವ ಎತ್ತರದವರೆಗೆ ಗೋಣಿತಾಟು ಕಟ್ಟಿ. ಸೂರಿನ ಕೆಳಗೆ ಒಂದಡಿಯಾದರೂ ತೆರೆದಿರಲಿ. ನೆಲಕ್ಕೆ ಭತ್ತದ ಹೊಟ್ಟು ಅಥವಾ ಶೇಂಗಾ ಹೊಟ್ಟನ್ನು ಮೂರ್ನಾಲ್ಕು ಅಂಗುಲ ಹರಡಿ, ದಿನಕ್ಕೊಮ್ಮೆ ಕೆದಕಿ. ಒಂದು ಹಿಡಿ ಎತ್ತಿ ಹಿಂಡಿದಾಗ ಉಂಡೆ ಕಟ್ಟಿದರೆ ಅದನ್ನು ತೆಗೆದು ಹೊಸದು ಹಾಕಬೇಕು. ಬೆಳಗ್ಗೆ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಅವು ರಾತ್ರಿಯಿಡೀ ಅದೇ ಗಾಳಿ ಕುಡಿದಿವೆ ಎಂದರ್ಥ.

ಗಿನಿ ಕೋಳಿ ಆಫ್ರಿಕಾ ಮೂಲದ್ದು. ಸಂಜೆಯಾದರೆ ಮರವೇರುವುದು ಅದರ ಸ್ವಭಾವ. ಮರದ ಮೇಲೆ ಇಬ್ಬನಿಗಿಂತ ಗೂಬೆ, ಕಾಡುಬೆಕ್ಕಿನ ಭಯ ಹೆಚ್ಚು. ಹೊತ್ತು ಮುಳುಗುವ ಮುಂಚೆ ದಿನವೂ ಗೂಡಿನೊಳಗೇ ಜೋಳ, ಸಜ್ಜೆ ಚೆಲ್ಲಿ ರೂಢಿ ಮಾಡಿಸಿದರೆ ತಾವಾಗಿ ಒಳಬರುತ್ತವೆ. ಕೂರಲು ಎತ್ತರದಲ್ಲಿ ಅಗಲವಾದ ಅಡ್ಡಪಟ್ಟಿ ಹಾಕಿಕೊಡಿ. ಕತ್ತಲಲ್ಲಿ ಬೆದರಿ ಒಂದರ ಮೇಲೊಂದು ಬೀಳುವುದರಿಂದ ಸಣ್ಣದೊಂದು ದೀಪ ಉರಿಯುತ್ತಿರಲಿ. ಕಾಳು ತಿಂದು ಮಲಗಿದರೆ ಅದು ಅರಗುವಾಗ ಮೈಗೆ ಬಿಸಿಯೂ ಸಿಗುತ್ತದೆ.

ಶಾಖ ನಿಜಕ್ಕೂ ಬೇಕಿರುವುದು ಮರಿಗಳಿಗೆ. ಗಿನಿ ಮರಿಯಂತೂ ಬಲು ನಾಜೂಕು, ಒಮ್ಮೆ ನೆನೆದರೆ ಉಳಿಯುವುದೇ ಕಷ್ಟ. ಮೊದಲ ವಾರ 35 ಡಿಗ್ರಿ ಶಾಖ ಕೊಟ್ಟು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬನ್ನಿ. ಎಲ್‌ಇಡಿ ಬಲ್ಬಿನಲ್ಲಿ ಬೆಳಕಿದೆ, ಬೇಕಾದಷ್ಟು ಬಿಸಿಯಿಲ್ಲ. ಹಳೆಯ ತಂತಿ ಬಲ್ಬನ್ನೇ ತನ್ನಿ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಬಿಸಿ ಸಾಲದು, ದೂರ ಸರಿದು ಬಾಯಿ ತೆರೆದರೆ ಹೆಚ್ಚಾಯಿತು, ಎಲ್ಲವೂ ಒಂದೇ ಮೂಲೆ ಹಿಡಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಕರೆಂಟ್ ಹೋಯಿತೆಂದು ಮುಚ್ಚಿದ ಗೂಡಿನಲ್ಲಿ ಇದ್ದಿಲ ಕೆಂಡ ಇಡಬೇಡಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ನೀರಿನ ತಟ್ಟೆಯಲ್ಲಿ ಗೋಲಿಗಾತ್ರದ ಕಲ್ಲುಗಳನ್ನು ತುಂಬಿದರೆ ಮರಿ ನೆನೆಯುವುದಿಲ್ಲ.

ಕೊಕ್ಕರೆ ರೋಗದ ಲಸಿಕೆ ತಪ್ಪಿಸಬೇಡಿ. ಕೋಳಿ ಮರಿಗಳಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೊಂದು ಹನಿ, 8 ವಾರದ ಸುಮಾರಿಗೆ ಚುಚ್ಚುಮದ್ದು. ಗಿನಿ ಮರಿಗಳಿಗೆ ಯಾವಾಗ ಹಾಕಿಸಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ಈ ತಿಂಗಳುಗಳಲ್ಲಿ ಮೊಟ್ಟೆ ಕಡಿಮೆಯಾಗಲು ಚಳಿಗಿಂತ ಹಗಲು ಗಿಡ್ಡವಾಗುವುದು ದೊಡ್ಡ ಕಾರಣ. ಮೊಟ್ಟೆ ಕೋಳಿಗೆ 14 ಗಂಟೆಗೂ ಮೇಲ್ಪಟ್ಟು ಬೆಳಕು ಬೇಕು, ಡಿಸೆಂಬರ್ ಹಗಲು 11 ಗಂಟೆಯಷ್ಟೇ. ನಸುಕಿನಲ್ಲಿ ದೀಪ ಹಚ್ಚಿದರೆ ಜವಾರಿ, ಗಿರಿರಾಜ ಕೋಳಿಗಳಲ್ಲಿ ಸ್ವಲ್ಪ ಫಲ ಕಾಣಬಹುದು. ಗಿನಿ ಕೋಳಿ ಮಾತ್ರ ಚಳಿಗಾಲದಲ್ಲಿ ಮೊಟ್ಟೆ ನಿಲ್ಲಿಸಿಯೇಬಿಡುತ್ತದೆ. ಬರಡೆಂದು ಸಂತೆಗೆ ಒಯ್ಯಬೇಡಿ. ಮಾರ್ಚ್ ಹೊತ್ತಿಗೆ ಅದು ಮತ್ತೆ ಮೊಟ್ಟೆಗಿಳಿಯುತ್ತದೆ. ಆಗ ಕಾವಿಗೆ ಕೂತ ಜವಾರಿ ಹೇಂಟೆಯ ಕೆಳಗೆ ಹನ್ನೆರಡು ಗಿನಿ ಮೊಟ್ಟೆ ಇಟ್ಟರೆ 26ರಿಂದ 28 ದಿನಕ್ಕೆ ಮರಿ ಹೊರಬರುತ್ತವೆ.