ದೋಣಿಗೆ ಹೊಸ ಟರ್ಪಾಲು: ಮೊದಲು ಮಾಡು, ಆಮೇಲೆ ಹೊದಿಕೆ

ಮೇ ತಿಂಗಳ ಕೊನೆಯ ವಾರ ಮಲ್ಪೆ, ಗಂಗೊಳ್ಳಿ, ಭಟ್ಕಳ, ಎಲ್ಲಿಗೆ ಹೋದರೂ ಒಂದೇ ಗಡಿಬಿಡಿ. ಯಾಂತ್ರೀಕೃತ ದೋಣಿಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಡಲಿಗಿಳಿಯಲು ನಿಷೇಧ. ಸಣ್ಣ ಫೈಬರ್ ದೋಣಿಗಳನ್ನು ಮರಳ ಮೇಲೆಳೆದು, ತೆಂಗಿನ ತೋಪಿನ ಅಂಚಿಗೆ ತಂದು ಹೊದಿಕೆ ಹಾಕುವುದು ಆಗಲೇ. ಕಳೆದ ವರ್ಷದ ಟರ್ಪಾಲನ್ನು ಅಟ್ಟದಿಂದ ಇಳಿಸಿದಾಗ ಅದು ಕೈಯಲ್ಲೇ ಪುಡಿಯಾಗುವುದೂ ಆಗಲೇ.

ಹೊದಿಕೆ ಬದಲಿಸುವುದೆಂದರೆ ಅಂಗಡಿಗೆ ಹೋಗಿ ದಪ್ಪದ ಟರ್ಪಾಲು ತರುವುದು ಎಂದು ನಾವೂ ತಿಳಿದಿದ್ದೆವು. ಒಂದು ವರ್ಷ ನಮ್ಮ ಮನೆಯ ದೋಣಿಗೆ ಹಾಗೆ ತಂದು, ಬಾಯಿಗೆ ಅಡ್ಡಲಾಗಿ ಡೋಲಿನ ಚರ್ಮದಂತೆ ಬಿಗಿದು ಕಟ್ಟಿದೆವು. ವಾರ ಕಳೆಯುವುದರೊಳಗೆ ನಡುವೆ ನೀರು ನಿಂತು ಜೋತುಬಿತ್ತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗುಂಡಿಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದು 200 ಲೀಟರ್, ಅಂದರೆ 200 ಕಿಲೋ. ಟರ್ಪಾಲು ತಡೆಯಿತು, ಅದರ ಕೆಳಗಿದ್ದ ಕೂರುವ ಹಲಗೆ ತಡೆಯಲಿಲ್ಲ. ಕರಾವಳಿಯಲ್ಲಿ ಮಳೆಗಾಲಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಷ್ಟು ನೀರನ್ನು ತಡೆದು ನಿಲ್ಲಿಸುವುದು ಯಾವ ಬಟ್ಟೆಗೂ ಆಗದ ಕೆಲಸ. ಅದನ್ನು ಹರಿಯಬಿಡಬೇಕು.

ಹಳೆಯದನ್ನು ಪರೀಕ್ಷಿಸಿ

ಹಳೆಯ ಹೊದಿಕೆಯನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಅಲ್ಲೊಂದು ಇಲ್ಲೊಂದು ಕಂಡರೆ ತೇಪೆ ಹಾಕಬಹುದು. ಮಡಿಕೆಯ ಗೆರೆಯುದ್ದಕ್ಕೂ ಕಂಡರೆ ಅದರ ಕಾಲ ಮುಗಿಯಿತು. ಮೂಲೆಯನ್ನು ಮಡಚಿ ಬೆರಳಲ್ಲಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಬಿಸಿಲು ಎಳೆಯನ್ನು ತಿಂದಿದೆ ಎಂದೇ ಅರ್ಥ. ಅಂಚಿನ ರಿಂಗನ್ನು ಹಿಡಿದು ಜಗ್ಗಿ ನೋಡಿ. ರಿಂಗು ಸುತ್ತಲಿನ ಬಟ್ಟೆಯ ಸಮೇತ ಕಿತ್ತುಬಂದರೆ ಇನ್ನು ಯೋಚಿಸುವಂಥದ್ದಿಲ್ಲ. ಹಾಗೆಂದು ಅದನ್ನು ತೀರದಲ್ಲೇ ಬಿಟ್ಟುಬರಬೇಡಿ. ಹರಿದು ಎಳೆಯಾಗಿ ಅದು ಸೇರುವುದು ನಮ್ಮ ಬಲೆಗಳಿಗೇ. ಗಟ್ಟಿ ಉಳಿದ ಭಾಗಗಳನ್ನು ಕತ್ತರಿಸಿ ಇಟ್ಟುಕೊಳ್ಳಿ, ಮೂಲೆಗಳ ಮೆತ್ತೆಗೆ ಬೇಕಾಗುತ್ತವೆ.

ದೋಣಿ ಒಣಗಿರಲಿ

ಬಲೆ, ಹಗ್ಗ, ಇಂಧನದ ಕ್ಯಾನು, ಔಟ್‌ಬೋರ್ಡ್ ಎಂಜಿನ್ ಎಲ್ಲವನ್ನೂ ತೆಗೆದು ಮನೆಗೆ ಸಾಗಿಸಿ. ಇಂಧನವನ್ನು ಹೊದಿಕೆಯಡಿ ಬಿಟ್ಟರೆ ಅದರ ಆವಿ ಒಳಗೇ ತುಂಬಿಕೊಳ್ಳುತ್ತದೆ, ಅದು ಅಪಾಯ. ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಹೀರಿಕೊಂಡು ಎರಡು ತಿಂಗಳೂ ಒಳಗನ್ನು ಹಸಿಯಾಗಿಯೇ ಇಡುತ್ತದೆ. ಒಂದೆರಡು ದಿನದ ಬಿಸಿಲು ಕಾಣಿಸಿ. ಮೇ ತಿಂಗಳ ಮಧ್ಯದಲ್ಲೇ ಅಡ್ಡಮಳೆ ಶುರುವಾಗುವುದರಿಂದ ಈ ಕೆಲಸವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ತೆಂಗಿನ ದಿಮ್ಮಿ ಅಥವಾ ಹಳೆಯ ಟಯರಿನ ಮೇಲೆ ದೋಣಿ ಕೂರಿಸುವಾಗ ಮುಂಭಾಗ ಸ್ವಲ್ಪ ಎತ್ತರದಲ್ಲಿರಲಿ. ಹಿಂಭಾಗದ ಅಡಿಯ ಬಿರಡೆಯನ್ನು ತೆಗೆದೇ ಇಡಿ, ಒಳಗೆ ಬಿದ್ದ ನೀರು ತಾನಾಗಿ ಹರಿದುಹೋಗುತ್ತದೆ. ಬಿರಡೆಯನ್ನು ಒಂದು ದಾರದಲ್ಲಿ ಅಲ್ಲೇ ಕಟ್ಟಿಡಿ. ಆಗಸ್ಟಿನಲ್ಲಿ ಅದು ಕಾಣದೆ ಪರದಾಡಿದವರು ಬೇಕಾದಷ್ಟು ಮಂದಿ.

ಮಾಡು ಕಟ್ಟುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ದೋಣಿಯ ನಡುವಿನಲ್ಲಿ, ಮುಂದಿನಿಂದ ಹಿಂದಿನವರೆಗೆ, ಒಂದು ಬಿದಿರಿನ ಗಳವನ್ನು ಬಾಯಂಚಿಗಿಂತ ಸುಮಾರು ಮೂರು ಅಡಿ ಎತ್ತರದಲ್ಲಿ ನಿಲ್ಲಿಸಬೇಕು. ಆಧಾರಕ್ಕೆ ಐದಾರು ಅಡಿಗೊಂದರಂತೆ ಕತ್ತರಿಗಾಲು ಕಟ್ಟಿ. ಗಳದಿಂದ ಎರಡೂ ಬಾಯಂಚಿಗೆ ಅಡಿಕೆ ದಬ್ಬೆಗಳನ್ನು ಎರಡೆರಡು ಅಡಿಗೊಂದರಂತೆ ಇಳಿಸಿ ಕಟ್ಟಿದರೆ ಮನೆಯ ಮಾಡಿನದೇ ಇಳಿಜಾರು ಸಿಗುತ್ತದೆ. ಮೊಳೆ ಬೇಡ, ಹುರಿಹಗ್ಗವೇ ಸಾಕು. ದಬ್ಬೆಯ ಸಿಬಿರು ಟರ್ಪಾಲಿಗೆ ಚಾಕು ಇದ್ದಂತೆ. ಹೆರೆದು ನುಣುಪು ಮಾಡಿ, ತುದಿಗಳಿಗೆ ಹಳೆಯ ಟರ್ಪಾಲಿನ ತುಂಡು ಸುತ್ತಿ. ಹೊದಿಕೆ ಹರಿಯುವುದು ಮಳೆಯಿಂದಲ್ಲ. ಗಾಳಿಗೆ ಅಲುಗಾಡಿ ಒಂದೇ ಜಾಗದಲ್ಲಿ ದಿನಕ್ಕೆ ಸಾವಿರ ಸಲ ಉಜ್ಜಿಕೊಳ್ಳುವುದರಿಂದ.

ಅಳತೆ ತೆಗೆಯುವುದು ಮಾಡು ನಿಂತ ಮೇಲೆಯೇ. ದೋಣಿಯ ಅಗಲವನ್ನಷ್ಟೇ ಅಳೆದು ಅಂಗಡಿಗೆ ಹೋದರೆ ಹೊದಿಕೆ ಗಿಡ್ಡವಾಗುತ್ತದೆ. 24 ಅಡಿ ಉದ್ದ, ಆರಡಿ ಅಗಲದ ದೋಣಿ ಎಂದಿಟ್ಟುಕೊಳ್ಳಿ. ಗಳ ಮೂರಡಿ ಎತ್ತರದಲ್ಲಿದ್ದರೆ ಒಂದೊಂದು ಬದಿಯ ಇಳಿಜಾರು ನಾಲ್ಕೂಕಾಲು ಅಡಿ. ಬಾಯಂಚಿನಿಂದ ಕೆಳಗೆ ಇಳಿಬೀಳಲು ಒಂದೂವರೆ ಅಡಿ. ಎರಡೂ ಬದಿ ಸೇರಿ ಹನ್ನೊಂದೂವರೆ ಅಡಿ, ಹನ್ನೆರಡು ಎನ್ನಿ. ಉದ್ದಕ್ಕೆ ಎರಡೂ ತುದಿಯಲ್ಲಿ ಒಂದೂವರೆ ಅಡಿ ಚಾಚು ಸೇರಿಸಿ 27 ಅಡಿ. ಅಂಚು ಮಡಚಿ ಹೊಲಿದ ಮೇಲೆ ಬರೆದ ಅಳತೆಗಿಂತ ಕೆಲವು ಇಂಚು ಕಡಿಮೆ ಬರುವುದುಂಟು. ಆದ್ದರಿಂದ ಅಂಗಡಿಯಲ್ಲೇ ಬಿಡಿಸಿ, ಟೇಪು ಹಿಡಿದು ನೋಡಿ.

ಎರಡು ತಿಂಗಳ ಮಳೆಗೆ 250 ಜಿಎಸ್‌ಎಂ ಟರ್ಪಾಲು ಒಳ್ಳೆಯದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿನ ತೂಕ, ಗ್ರಾಂ ಲೆಕ್ಕದಲ್ಲಿ. ಚೀಟಿಯನ್ನು ನಂಬಬೇಕಿಲ್ಲ, ತಕ್ಕಡಿ ಇದೆ. 27×12 ಅಡಿಯೆಂದರೆ ಸುಮಾರು 30 ಚದರ ಮೀಟರ್. 250 ಗ್ರಾಂ ಲೆಕ್ಕಕ್ಕೆ ಏಳೂವರೆ ಕಿಲೋ ತೂಗಬೇಕು. ನಾಲ್ಕೂವರೆ ಕಿಲೋ ತೂಗಿದರೆ ನಿಮ್ಮ ಕೈಲಿರುವುದು 150ರ ಮಾಲು.

ಹೊದಿಸುವಾಗ ಮಳೆಗಾಳಿ ಬೀಸುವ ಪಡುವಣ ಬದಿಯನ್ನು ಮುಚ್ಚಿ, ಮೂಡಣ ತುದಿಯನ್ನು ಮಾಡಿನಡಿ ತೆರೆದೇ ಬಿಡಿ. ಮುಚ್ಚಿದ ತುದಿಯಲ್ಲೂ ನೆತ್ತಿಯ ಬಳಿ ಒಂದು ಗೇಣು ಕಂಡಿ ಇರಲಿ. ಗಾಳಿಯಾಡದಿದ್ದರೆ ಹೊದಿಕೆಯ ಒಳಮೈ ಬೆವರುತ್ತದೆ, ಮಳೆ ಒಳಗೆ ಬಾರದೆಯೂ ದೋಣಿಗೆ ಬೂಷ್ಟು ಹಿಡಿಯುತ್ತದೆ. ಮರದ ದೋಣಿಯಾದರಂತೂ ಈ ಗಾಳಿ ಇನ್ನೂ ಮುಖ್ಯ. ಗೇರುಸಿಪ್ಪೆಯ ಎಣ್ಣೆ ಬಳಿದಿದ್ದೇವೆಂಬ ಧೈರ್ಯಕ್ಕೆ ಗಾಳಿ ಕಟ್ಟಬೇಡಿ.

ಹಗ್ಗವನ್ನು ರಿಂಗಿಗೆ ನೇರ ಕಟ್ಟದೆ, ನಡುವೆ ಸೈಕಲ್ ಟ್ಯೂಬಿನ ಒಂದು ಬಳೆ ಹಾಕಿ. ಗಾಳಿ ಜಗ್ಗಿದಾಗ ರಬ್ಬರು ಹಿಗ್ಗುತ್ತದೆ, ರಿಂಗು ಉಳಿಯುತ್ತದೆ. ರಿಂಗು ಇಲ್ಲದ ಕಡೆ ಬಟ್ಟೆಯೊಳಗೆ ಒಂದು ನುಣುಪು ಕಲ್ಲಿಟ್ಟು, ಹೊರಗಿನಿಂದ ಅದರ ಕೊರಳಿಗೆ ಕುಣಿಕೆ ಹಾಕಿ. ಹಗ್ಗವನ್ನು ದೋಣಿಯ ಅಡಿಯಿಂದ ಹಾಯಿಸಿ ಆಚೆ ಬದಿಗೆ ಬಿಗಿಯಬೇಕು. ಕಲ್ಲು ನೇತುಹಾಕುವವರಿದ್ದಾರೆ, ಅದು ಗಾಳಿಗೆ ತೂಗಿ ಫೈಬರಿಗೇ ಬಡಿಯುತ್ತದೆ. ತೂಕ ಬೇಕಾದರೆ ಮರಳಿನ ಚೀಲ ಕಟ್ಟಿ. ಹೆಣೆದ ಮಡಲು ಸಿಗುವ ಊರಾದರೆ ಟರ್ಪಾಲಿನ ಮೇಲೆ ಒಂದು ಪದರ ಹಾಸಿ ಬಿಗಿಯಿರಿ. ಹಿರಿಯರು ಬರೀ ಮಡಲಿನಲ್ಲೇ ದೋಣಿ ಕಾಯುತ್ತಿದ್ದರು. ಈಗ ಅದು ಬಿಸಿಲಿನಿಂದ ಟರ್ಪಾಲನ್ನು ಕಾಯುತ್ತದೆ.

ವಾರಕ್ಕೊಮ್ಮೆ ಹೋಗಿ ನೋಡಲೇಬೇಕು. ಸಡಿಲ ಹಗ್ಗ ಬಿಗಿಯಿರಿ, ಎಲ್ಲಿಯಾದರೂ ನೀರು ನಿಂತಿದ್ದರೆ ಚೆಲ್ಲಿ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಸುಮಾರು ಎಂಟು ಹತ್ತು ದಿನ ಸಾಕು. ದೋಣಿಯ ಪಕ್ಕದಲ್ಲೇ ಮನೆಗಳಿವೆ, ಅಲ್ಲಿ ಮಕ್ಕಳಿದ್ದಾರೆ.

ದಾರಿಯಲ್ಲಿ ಸಾಗಿಸುವಾಗ

ದುರಸ್ತಿಗೋ ಇನ್ನೊಂದು ಊರಿಗೋ ದೋಣಿಯನ್ನು ಟ್ರೈಲರಿನಲ್ಲಿ ಸಾಗಿಸುವುದಿದ್ದರೆ ಈ ಹೊದಿಕೆಯನ್ನೂ ಮಾಡನ್ನೂ ಪೂರ್ತಿ ಬಿಚ್ಚಿ. ನಿಂತ ದೋಣಿಗೆ ಸಡಿಲು, ಗಾಳಿ ಬೇಕು. ಓಡುವ ದೋಣಿಗೆ ಮೈಗಂಟಿದ ಬಿಗಿ ಬೇಕು. ಒಂದೇ ಬಟ್ಟೆ ಎರಡಕ್ಕೂ ಆಗುವುದಿಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಗಾಳಿಯ ಹೊಡೆತ 60ರಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಲಾರಿಗೆ ಹಾಕುವ ಪಿವಿಸಿ ಲೇಪದ ಟರ್ಪಾಲನ್ನು ದೋಣಿಯ ಆಕಾರಕ್ಕೆ ಕತ್ತರಿಸಿ, ಅಂಚಿನೊಳಗೆ ಹಗ್ಗ ಹಾಯಿಸಿ ಹೊಲಿಸಿಕೊಳ್ಳಿ; ಹತ್ತಿಯ ದಾರ ಬೇಡ, ಪಾಲಿಯೆಸ್ಟರ್ ಇರಲಿ. ಮುಂಭಾಗದಲ್ಲಿ ಗಾಳಿ ನುಗ್ಗಲು ಒಂದು ಬೆರಳಿನ ಸಂದೂ ಉಳಿಯಬಾರದು. ಎರಡೆರಡು ಅಡಿಗೊಂದು ಪಟ್ಟಿ ಬಿಗಿದು, ಐದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಎಳೆದು ನೋಡಿ. ದೋಣಿಯನ್ನು ಟ್ರೈಲರಿಗೆ ಕಟ್ಟುವ ಬೆಲ್ಟು ಬೇರೆಯೇ ಇರಬೇಕು. ಹೊದಿಕೆಯ ಹಗ್ಗಕ್ಕೆ ದೋಣಿ ಹಿಡಿದಿಡುವ ಶಕ್ತಿಯಿಲ್ಲ.

ನಿಷೇಧ ಮುಗಿದು ದೋಣಿ ಇಳಿಸುವ ಹೊತ್ತಿಗೆ ಎಲ್ಲರಿಗೂ ಕಡಲಿನದೇ ಧ್ಯಾನ, ಟರ್ಪಾಲು ಮೂಲೆಯಲ್ಲಿ ಒದ್ದೆಯಾಗಿಯೇ ಬಿದ್ದಿರುತ್ತದೆ. ಬಿಸಿಲು ಬಿದ್ದ ಮೊದಲ ದಿನ ಅದನ್ನು ತೊಳೆದು ಒಣಗಿಸಿ. ಮಡಚಿದರೆ ಗೆರೆಯಲ್ಲೇ ಸೀಳುತ್ತದೆ, ಆದ್ದರಿಂದ ಒಂದು ಗಳಕ್ಕೆ ಚಾಪೆಯಂತೆ ಸುತ್ತಿ, ಇಲಿ ತಲುಪದ ಹಾಗೆ ಪಕಾಸಿಗೆ ನೇತುಹಾಕಿ. ಸುತ್ತುವ ಮೊದಲು ಒಂದು ತುದಿಗೆ ಪೇಂಟಿನಲ್ಲಿ ‘ಮುಂದೆ’ ಎಂದು ಬರೆದು, ಕೊಂಡ ವರ್ಷವನ್ನೂ ಪಕ್ಕದಲ್ಲಿ ನಮೂದಿಸಿ.