ಊರಿನ ಇನಿಶಿಯಲ್, 16 ಅಂಕಿ

ಬಾಶೆಟ್ಟಿಹಳ್ಳಿಯವನಾದ ನನ್ನ ಹೆಸರಿನ ಮುಂದೆ ಊರಿನದೊಂದು ‘ಬಿ’, ಅಪ್ಪನದೊಂದು ‘ಎನ್’. ಆಮೇಲೆ ಮಂಜುನಾಥ. ನಮ್ಮ ಮನೆಯಲ್ಲಿ ಅಡ್ಡಹೆಸರಿನ ರೂಢಿಯೇ ಇಲ್ಲ. ಊರೊಳಗೆ ಇದರಿಂದ ಯಾರಿಗೂ ಗೊಂದಲವಿಲ್ಲ. ಸಂಶೋಧನಾ ಪತ್ರಿಕೆಗಳ ಅರ್ಜಿ ಮಾತ್ರ ‘ಸರ್‌ನೇಮ್’ ತುಂಬದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ.

ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಕೂಲಿ, ಸಾಲ, ನೂಲಿನ ಬೆಲೆಗಳ ಬಗ್ಗೆ ಬರೆಯುತ್ತ ಬಂದವನು ನಾನು. ಒಂದು ಪತ್ರಿಕೆ ನನ್ನನ್ನು ಮಂಜುನಾಥ ಎಂದು ಅಚ್ಚು ಹಾಕಿತು. ಇನ್ನೊಂದು ಮಂಜುನಾಥ್ ಮಾಡಿತು. ಮತ್ತೊಂದು ಊರನ್ನೇ ಅಡ್ಡಹೆಸರಾಗಿಸಿತು. ಸ್ಕೋಪಸ್‌ನಂಥ ದತ್ತಸಂಚಯದಲ್ಲಿ ಯಾವ ಲೇಖನ ಯಾರದೆಂದು ಮೊದಲು ವಿಂಗಡಿಸುವುದು ತಂತ್ರಾಂಶ; ಅದರ ಪಾಲಿಗೆ ನಾನು ಮೂವರು. ಗೂಗಲ್ ಸ್ಕಾಲರ್‌ನಲ್ಲಿ ಇದಕ್ಕೆ ತದ್ವಿರುದ್ಧ: ದನಗಳ ಕಾಯಿಲೆಯ ಮೇಲೆ ಬರೆದ ಯಾರೋ ಮಂಜುನಾಥರ ಲೇಖನಗಳು ನನ್ನ ಖಾತೆಯಲ್ಲಿ ಬಂದು ಕೂತವು. ಮದುವೆಯ ನಂತರ ಅಪ್ಪನ ಇನಿಶಿಯಲ್ ಬಿಟ್ಟು ಗಂಡನದನ್ನು ಹಾಕಿಕೊಂಡ ಸಹೋದ್ಯೋಗಿ ಮೇಡಂ ಒಬ್ಬರ ಪಿಎಚ್.ಡಿ. ಕಾಲದ ಬರಹವಂತೂ ಬೇರೆ ಯಾರದೋ ಆಗಿ ಉಳಿದಿತ್ತು.

ಇದಕ್ಕೆ ಮದ್ದು ಸರಳ, ಖರ್ಚಿಲ್ಲದ್ದು. 2012ರಲ್ಲಿ ಶುರುವಾದ ಆರ್ಕಿಡ್ ಪ್ರತಿ ಸಂಶೋಧಕರಿಗೂ 16 ಅಂಕಿಗಳ ಒಂದು ಗುರುತು ಕೊಡುತ್ತದೆ. ಹೆಸರಿನ ಕಾಗುಣಿತ ಎಷ್ಟು ಬಗೆಯಲ್ಲಿದ್ದರೂ ಅಷ್ಟನ್ನೂ ಅಲ್ಲಿ ಸೇರಿಸಬಹುದು. ಮೊದಲ ಲೇಖನ ಕಳಿಸುವ ಮುಂಚೆಯೇ ಅದನ್ನು ಮಾಡಿಸಿಕೊಳ್ಳಬೇಕು. ಒಡೆದುಹೋದ ಖಾತೆಗಳನ್ನು ಒಂದುಗೂಡಿಸುವಂತೆ ಸ್ಕೋಪಸ್‌ಗೆ ಲೇಖಕರೇ ಕೋರಬಹುದು. ಸ್ಕಾಲರ್‌ನಲ್ಲಿ ಲೇಖನಗಳು ತಾವಾಗಿ ಸೇರುವ ಆಯ್ಕೆಯನ್ನು ತೆಗೆದು, ‘ನನ್ನನ್ನು ಕೇಳಿ ಸೇರಿಸು’ ಎಂಬುದನ್ನು ಒತ್ತಬೇಕು. ಇನ್‌ಫ್ಲಿಬ್‌ನೆಟ್ ನಡೆಸುವ ‘ವಿದ್ವಾನ್’ ಎಂಬ ವಿದ್ವಾಂಸರ ದತ್ತಸಂಚಯದಲ್ಲೂ ಅದೇ ಹೆಸರು, ಅದೇ ಸಂಖ್ಯೆ ಇರಲಿ.

ಸಂಖ್ಯೆಯ ಬಲ ಎಂಥದ್ದೆಂದು ನನಗೆ ಮನದಟ್ಟು ಮಾಡಿಸಿದ್ದು ಶಾಸನತಜ್ಞ ಬಿ.ಎಲ್. ರೈಸ್. 1905ರಲ್ಲಿ ಬಂದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟದಲ್ಲಿ ಅವರು ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಹಾಕಿದರು. ದೊಡ್ಡಬಳ್ಳಾಪುರದ ಇಂತಿಷ್ಟನೇ ಶಾಸನ ಎಂದರೆ ಸಾಕು, ಊರಿನ ಹೆಸರನ್ನು ಯಾರು ಹೇಗೆ ಬರೆದರೂ ಇತಿಹಾಸದವರು ನೇರ ಆ ಕಲ್ಲಿಗೆ ಬರುತ್ತಾರೆ. ಆ ಸಂಪುಟವನ್ನು ಎಷ್ಟು ಜನ ಎಲ್ಲೆಲ್ಲಿ ಬಳಸಿದರು ಎಂಬ ಲೆಕ್ಕ ಮಾತ್ರ ಯಾವ ಸೂಚ್ಯಂಕದಲ್ಲೂ ಪೂರ್ತಿ ಸಿಗದು. ಕನ್ನಡದ ಪುಸ್ತಕ, ಸ್ಥಳಪುರಾಣ, ಜಾತ್ರೆಯ ಸ್ಮರಣ ಸಂಚಿಕೆಗಳು ಆ ಎಣಿಕೆಯ ಆಚೆಗಿವೆ.

ಎಣಿಕೆಗೆ ಸಿಗದ ಬಳಕೆಯೂ ಇದೆ ಎಂಬ ನನ್ನ ಎರಡನೇ ಪಾಠ ಅಲ್ಲಿಂದ ಬಂತು. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಮುಂದಿಟ್ಟ ಎಚ್-ಸೂಚ್ಯಂಕದ ಪ್ರಕಾರ, ಕನಿಷ್ಠ ಐದೈದು ಬಾರಿ ಉಲ್ಲೇಖಗೊಂಡ ಐದು ಲೇಖನಗಳಿದ್ದರೆ ನಿಮ್ಮ ಅಂಕ 5. ಮೂವರು ಮಂಜುನಾಥರು ಒಬ್ಬನಾದ ಮೇಲೆ ನನ್ನ ಅಂಕ ಏರಿತು. ಬರಹ ಒಂದಕ್ಷರವೂ ಸುಧಾರಿಸಿರಲಿಲ್ಲ. ಆದರೆ ಮಗ್ಗದ ಮೇಲೆ ಕನ್ನಡದಲ್ಲಿ ಬರೆದ ಲೇಖನಕ್ಕೆ ದತ್ತಸಂಚಯದಲ್ಲಿ ಸೊನ್ನೆ. “ಸಾರ್, ನಿಮ್ಮ ಕೂಲಿ ಪಟ್ಟೀನ ನಮ್ಮ ಮನವಿಗೆ ಹಾಕ್ಕೊಂಡಿದೀವಿ” ಎಂದು ನೇಕಾರರೊಬ್ಬರು ಜೆರಾಕ್ಸ್ ಪ್ರತಿ ತೋರಿಸಿದ್ದು ಅದೇ ಲೇಖನದ್ದು.

ಅಂದಿನಿಂದ ಇನ್ನೊಂದು ಕಡತ ಇಟ್ಟಿದ್ದೇನೆ. ಮನವಿ, ಪಠ್ಯ, ಪತ್ರಿಕಾ ವರದಿ, ಬೇರೆಯವರ ಪ್ರಬಂಧ, ಎಲ್ಲಿ ನನ್ನ ಕೆಲಸ ಬಳಕೆಯಾದರೂ ದಿನಾಂಕದೊಂದಿಗೆ ಅದರ ಪ್ರತಿ ಅಲ್ಲಿ ಸೇರುತ್ತದೆ. ಬಡ್ತಿಯ ಅರ್ಜಿಗೆ ಅಂಕಗಳ ಜೊತೆ ಅದರ ಸಾರವನ್ನೂ ಲಗತ್ತಿಸುತ್ತೇನೆ. ಇದು ನನ್ನೊಬ್ಬನ ಹಟವಲ್ಲ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಲೇಖನವನ್ನೂ ಲೇಖಕರನ್ನೂ ತೂಗಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೇ ಹೇಳಿದೆ. ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕು ಎಂಬುದು 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲೊಂದು.

ಅಂಕದ ಆಸೆಗೆ ಬಲೆ ಬೀಸುವವರೂ ಇದ್ದಾರೆ. ದುಡ್ಡು ಕಟ್ಟಿದರೆ ವಾರದೊಳಗೆ ಪ್ರಕಟಣೆ ಎಂಬ ವಾಟ್ಸಾಪ್ ಸಂದೇಶ ಬರದ ಅಧ್ಯಾಪಕರೇ ಇರಲಿಕ್ಕಿಲ್ಲ. ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ ಕಾಳು-ಜೊಳ್ಳು ಬೇರ್ಪಡಿಸುವ ಹೊಣೆ ಕಾಲೇಜಿನ ಮೇಲೂ ನಮ್ಮ ಮೇಲೂ ಬಿದ್ದಿದೆ. ಹಳೆಯ ಸಂಚಿಕೆಗಳನ್ನು ಓದದೆ, ಸಂಪಾದಕ ಮಂಡಳಿಯವರು ಆ ಹೆಸರು ತಮ್ಮದೆಂದು ಒಪ್ಪುತ್ತಾರೆಯೇ ಎಂದು ವಿಚಾರಿಸದೆ ನಾನು ಲೇಖನ ಕಳಿಸುವುದಿಲ್ಲ.

ಹೊಸದಾಗಿ ಸೇರಿದ ಅಧ್ಯಾಪಕರಿಗೆ ಹೇಳುವುದಿಷ್ಟೇ. ಸಂದರ್ಶನದಲ್ಲಿ ನಿಮ್ಮ ಎಚ್-ಸೂಚ್ಯಂಕ ಎಷ್ಟು ಎಂದು ಕೇಳಿದರೆ, “ಸ್ಕೋಪಸ್‌ನದೋ, ಸ್ಕಾಲರ್‌ನದೋ ಸಾರ್?” ಎಂದು ವಿನಯವಾಗಿಯೇ ಕೇಳಿ. ಎರಡೂ ಕಡೆ ಅಂಕ ಒಂದೇ ಇರುವುದು ಅಪರೂಪ. ಆ ವ್ಯತ್ಯಾಸ ಏಕೆಂದು ವಿವರಿಸುವ ಹೊತ್ತಿನಲ್ಲಿ ಮಾತು ಅಂಕ ದಾಟಿ ನಿಮ್ಮ ಕೆಲಸದ ಕಡೆಗೆ ಬರಲು ದಾರಿಯಾಗುತ್ತದೆ.