ಮಗುಚುವ ಗಣಕದ ಕೀಲು

ಆಟಿ ತಿಂಗಳಲ್ಲಿ ಮಂಗಳೂರಿನ ಯಾವ ಅಡುಗೆಮನೆಗೆ ಹೋಗಿ ನೋಡಿದರೂ ಉಪ್ಪಿನ ಭರಣಿಯೊಳಗೆ ನೀರೂರಿರುವುದು ಕಾಣುತ್ತದೆ. ಅದಕ್ಕೆ ಯಾರೂ ನೀರು ಹಾಕಿದವರಲ್ಲ. ಉಪ್ಪು ತಾನಾಗಿಯೇ ಗಾಳಿಯಿಂದ ಎಳೆದುಕೊಂಡದ್ದು. ಗೃಹಿಣಿಯರಿಗೆ ನಿತ್ಯಪರಿಚಿತವಾದ ಈ ಸಂಗತಿಗೂ, ಕಂಕನಾಡಿಯ ವಿದ್ಯಾರ್ಥಿಗಳು ಚೀಲದಲ್ಲಿ ಹೊತ್ತು ತಿರುಗುವ ಗಣಕಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಆದರೆ ಅದನ್ನು ಅರಿಯಬೇಕಾದರೆ ಮೊದಲು ಆ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ಕಳೆದ ಮಳೆಗಾಲದಲ್ಲಿ ನನಗೆ ಅಂತಹ ಸಂದರ್ಭವೊಂದು ಒದಗಿತು. ಕಂಕನಾಡಿಯಲ್ಲಿ ಕೊಠಡಿ ಹಿಡಿದು ಓದುತ್ತಿರುವ ನನ್ನ ತಂಗಿಯ ಮಗಳ ಬಳಿ ಒಂದು ಮಗುಚುವ ಲ್ಯಾಪ್‌ಟಾಪ್ ಇತ್ತು. ಸಾಲದ ಕಂತು ತೀರಿ ನಾಲ್ಕು ತಿಂಗಳಾಗಿರಲಿಲ್ಲ. ಒಂದು ಸಂಜೆ ಅದನ್ನು ತೆರೆಯುವಾಗ ಎಡಮೂಲೆಯಲ್ಲಿ ಟಕ್ಕೆಂದು ಸದ್ದಾಗಿ ತಳದ ಹೊದಿಕೆ ಬಿರಿಯಿತು. ಲೆಕ್ಕ ಮಾಡುವ ಭಾಗಕ್ಕೆ ಏನೂ ಆಗಿರಲಿಲ್ಲ, ತೆರೆಯೂ ಬೆಳಗುತ್ತಿತ್ತು. ದುರಸ್ತಿಯವರು ಅದರ ಬೆನ್ನು ಬಿಚ್ಚಿದಾಗ ಅಕ್ಕಿಕಾಳಿನಷ್ಟು ಗಾತ್ರದ ಮೂರು ಹಿತ್ತಾಳೆ ಬಳೆಗಳು ಮೇಜಿನ ಮೇಲೆ ಉದುರಿದವು. “ಕೀಲು ಹೋಗಿದೆಯೆ?” ಎಂದು ಕೇಳಿದೆ. “ಕೀಲಿಗೇನೂ ಆಗಿಲ್ಲ, ಸಾರ್. ಕೀಲು ಬಿಗಿಯಾಗಿ ಮನೆ ಒಡೆದಿದೆ” ಎಂದರು. ಈ ಮಾತಿನಲ್ಲಿ ಒಂದು ಇಡೀ ಪಾಠವಿದೆ.

ಸಾಮಾನ್ಯ ಲ್ಯಾಪ್‌ಟಾಪು ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಮಗುಚುವ ಲ್ಯಾಪ್‌ಟಾಪಿನಲ್ಲಿ ತೆರೆಯನ್ನು ಇನ್ನೂ ಹಿಂದಕ್ಕೆ ತಿರುಗಿಸಿ ಬೆನ್ನಿಗೆ ಬೆನ್ನು ತಾಗಿಸಬಹುದು. ಆಗ ಅದು ಬರೆಯುವ ಸ್ಲೇಟಿನಂತೆ ಕೈಗೆ ಬರುತ್ತದೆ. 2002ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಟ್ಯಾಬ್ಲೆಟ್ ಪಿಸಿ’ ಎಂಬ ಕಲ್ಪನೆಯನ್ನು ಪೇಟೆಗೆ ತಂದ ಕಾಲದ ಇಂತಹ ಅನೇಕ ಯಂತ್ರಗಳಲ್ಲಿ ತೆರೆಯ ಭಾರವೆಲ್ಲ ನಡುವಿನ ಒಂದೇ ಗೂಟದ ಮೇಲೆ ನಿಂತು, ಗೂಟದ ಸುತ್ತ ತೆರೆ ಗಿರಕಿ ಹೊಡೆಯುತ್ತಿತ್ತು. 2012ರಲ್ಲಿ ಲೆನೊವೊ ಸಂಸ್ಥೆಯ ‘ಯೋಗ’ ಮಾದರಿಯು ಎರಡು ಬದಿಗಳಲ್ಲೂ ಕೀಲಿಟ್ಟು 360 ಡಿಗ್ರಿ ಮಗುಚುವ ವಿಧಾನವನ್ನು ಜನಪ್ರಿಯಗೊಳಿಸಿತು. ಈ ಹೆಸರು ಉಚಿತವಾದುದೇ. ಬೆನ್ನನ್ನು ಇಷ್ಟು ಬಾಗಿಸುವುದು ಯೋಗಿಗಳಿಗೂ ಸುಲಭವಲ್ಲ.

ಬಾಗಿಲಿನ ಬಿಜಾಗರಿಗೆ ಇರುವುದು ಒಂದೇ ಕೆಲಸ, ಅಡ್ಡಿಯಿಲ್ಲದೆ ತಿರುಗುವುದು. ಗಣಕದ ಕೀಲಿಗಾದರೋ ಪರಸ್ಪರ ವಿರುದ್ಧವಾದ ಎರಡು ಕೆಲಸಗಳುಂಟು: ತಿರುಗಿಸಿದಾಗ ತಿರುಗಬೇಕು, ಬಿಟ್ಟಲ್ಲಿ ನಿಲ್ಲಬೇಕು. ಆದುದರಿಂದ ಅದನ್ನು ಘರ್ಷಣೆಯಿಂದಲೇ ನಿರ್ಮಿಸುತ್ತಾರೆ. ಉಕ್ಕಿನ ಅಚ್ಚಿನ ಮೇಲೆ ತೆಳುವಾದ ವಾಷರುಗಳನ್ನು ಒಂದರ ಪಕ್ಕ ಒಂದರಂತೆ ಪೋಣಿಸಿ, ನಡುವೆ ಗ್ರೀಸು ಸವರಿ, ತುದಿಯಲ್ಲಿ ನಟ್ಟು ಬಿಗಿಯುತ್ತಾರೆ. ನಟ್ಟಿನ ಬಿಗಿತವು ಘರ್ಷಣೆಯನ್ನು ನಿರ್ಧರಿಸುತ್ತದೆ. ಬೆರಳಿನಿಂದ ಮುಟ್ಟಿ ನಡೆಸುವ ತೆರೆಗೆ ಈ ಘರ್ಷಣೆ ಇನ್ನೂ ಹೆಚ್ಚಾಗಿಯೇ ಬೇಕು. ಇಲ್ಲವಾದರೆ ಮುಟ್ಟಿದಾಗಲೆಲ್ಲ ತೆರೆ ಹಿಂದಕ್ಕೆ ಓಲಾಡುತ್ತದೆ. 360 ಡಿಗ್ರಿಯ ಯಂತ್ರದಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಕೀಲಿನಲ್ಲೂ ಸಮಾಂತರವಾದ ಎರಡೆರಡು ಅಚ್ಚುಗಳಿರುತ್ತವೆ.

ಉಜ್ಜಾಡುವ ಲೋಹ ಸವೆಯಲೇಬೇಕು. ತಯಾರಕರು ಕೀಲನ್ನು ಯಂತ್ರಕ್ಕೆ ಕಟ್ಟಿ ಇಪ್ಪತ್ತು, ಮೂವತ್ತು ಸಾವಿರ ಸಲ ತೆರೆದು ಮುಚ್ಚಿ ಪರೀಕ್ಷಿಸುವುದುಂಟು. 25,000 ಸಲ ಎಂದಿಟ್ಟುಕೊಳ್ಳೋಣ. ದಿನಕ್ಕೆ 20 ಸಲ ತೆರೆದರೆ ವರ್ಷಕ್ಕೆ 7,300 ಸಲವಾಯಿತು. ಲೆಕ್ಕ ಮುಗಿಯುವುದು ಸುಮಾರು ಮೂರೂವರೆ ವರ್ಷಕ್ಕೆ. ದಿನಕ್ಕೆ ಹತ್ತೇ ಸಲ ತೆರೆಯುವವನಿಗೆ ಅದೇ ಕೀಲು ಏಳು ವರ್ಷ ಬಂದೀತು. ಅಂದರೆ ಇಂತಹ ಯಂತ್ರದ ವಯಸ್ಸನ್ನು ಗಂಟೆಗಳಿಂದ ಎಣಿಸುವುದಕ್ಕಿಂತ ತೆರೆದು ಮುಚ್ಚಿದ ಸಲಗಳಿಂದ ಎಣಿಸುವುದು ಹೆಚ್ಚು ಸರಿ.

ಆದರೆ ಸವೆದ ಕೀಲು ಸಡಿಲವಾಗುತ್ತದೆ, ಅಷ್ಟೆ. ತೆರೆ ಜೋಲುತ್ತದೆ, ಉಪದ್ರವವೇ ಹೊರತು ಮರಣವಲ್ಲ. ಯಂತ್ರವನ್ನು ಕೊಲ್ಲುವುದು ಇದಕ್ಕೆ ವಿರುದ್ಧವಾದ ದೋಷ, ಕೀಲು ಬಿಗಿಯಾಗುವುದು. ಗ್ರೀಸು ಒಣಗಿ ಅಂಟಾಗಬಹುದು; ಉಕ್ಕಿಗೆ ತುಕ್ಕು ಹಿಡಿಯಬಹುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗವನ್ನು ಬೇಡುವ ವಸ್ತು. ವಾಷರುಗಳ ಇರುಕಿನಲ್ಲಿ ಅದು ಬೆಳೆದರೆ ಯಾರೋ ನಟ್ಟನ್ನು ಇನ್ನಷ್ಟು ಬಿಗಿದಂತೆಯೇ ಆಗುತ್ತದೆ.

ಹೀಗೆ ಬಿಗಿಯಾದ ಕೀಲನ್ನು ತಿರುಗಿಸಲು ನಾವು ಪ್ರಯೋಗಿಸುವ ಬಲ ಎಲ್ಲಿಗೆ ಹೋಗುತ್ತದೆ? ತೆರೆಯ ಅಂಚು ಕೀಲಿನಿಂದ ಸುಮಾರು 20 ಸೆಂಟಿಮೀಟರ್ ದೂರವಿದೆ. ಕೀಲನ್ನು ತಳಕ್ಕೆ ಕಚ್ಚಿ ಹಿಡಿದಿರುವ ಸ್ಕ್ರೂಗಳ ನಡುವಣ ಅಂತರ ಸುಮಾರು 2 ಸೆಂಟಿಮೀಟರ್. ಸನ್ನೆಕೋಲಿನ ನಿಯಮದಂತೆ ಬೆರಳಿನ ಬಲ ಸ್ಕ್ರೂವಿನ ಬಳಿ ಹತ್ತು ಪಟ್ಟಾಗಿ ಬೀಳುತ್ತದೆ. ಅಡಕತ್ತರಿಯ ಹಿಡಿಯನ್ನು ಮೆಲ್ಲನೆ ಒತ್ತಿದರೆ ಬಾಯಲ್ಲಿರುವ ಗಟ್ಟಿ ಅಡಕೆ ಹೋಳಾಗುವುದೂ ಇದೇ ನ್ಯಾಯದಿಂದ. ಅನೇಕ ಯಂತ್ರಗಳಲ್ಲಿ ಆ ಸ್ಕ್ರೂ ಕೂಡುವುದು ಲೋಹದಲ್ಲಲ್ಲ, ಪ್ಲಾಸ್ಟಿಕ್ ಗುಬುಟಿನೊಳಗೆ ಹುದುಗಿಸಿದ ಹಿತ್ತಾಳೆಯ ಬಳೆಯಲ್ಲಿ. ಕೀಲು ಬಗ್ಗದು, ಅಚ್ಚು ಮುರಿಯದು, ಪ್ಲಾಸ್ಟಿಕ್ ಬಿರಿಯುತ್ತದೆ, ಬಳೆ ಉದುರುತ್ತದೆ. ತೆರೆಯನ್ನು ನಡುವೆ ಹಿಡಿಯದೆ ಒಂದು ಮೂಲೆಯಿಂದ ಎತ್ತುವ ಅಭ್ಯಾಸವಿದ್ದರೆ ಹೊರೆಯ ಬಹುಪಾಲು ಒಂದೇ ಕೀಲಿನ ಮೇಲೆ ಬೀಳುವುದರಿಂದ ಈ ಅನಾಹುತ ಬೇಗ ಬರುತ್ತದೆ. ನಮ್ಮ ಹುಡುಗಿ ಎಡಗೈಯಲ್ಲಿ ಎತ್ತುವವಳು.

ಈಗ ಉಪ್ಪಿನ ಭರಣಿಗೆ ಬರೋಣ. ಕಂಕನಾಡಿಯಿಂದ ಅರಬ್ಬೀ ಸಮುದ್ರ ಸುಮಾರು ನಾಲ್ಕೈದು ಕಿಲೋಮೀಟರ್ ದೂರ. ದಕ್ಷಿಣಕ್ಕೆ ನೇತ್ರಾವತಿ ಇನ್ನೂ ಸಮೀಪ. ಅಲೆ ಒಡೆದಾಗ ಏಳುವ ಸೂಕ್ಷ್ಮ ತುಂತುರುಗಳು ಆರಿ, ಕಣ್ಣಿಗೆ ಕಾಣದ ಲವಣಕಣಗಳಾಗಿ ಗಾಳಿಯಲ್ಲಿ ತೇಲಿ ಒಳನಾಡಿಗೆ ಬರುತ್ತವೆ. ಗಣಕದ ಫ್ಯಾನು ಗಾಳಿಯೊಡನೆ ಅವನ್ನೂ ಒಳಗೆ ಸೆಳೆಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75ನ್ನು ದಾಟಿತೆಂದರೆ ಅಡುಗೆ ಉಪ್ಪು ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ನೂರಕ್ಕೆ 33 ಸಾಕು. ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಕಾಣುವ ಮಂಗಳೂರಿನಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಆರ್ದ್ರತೆ ಈ ಗೆರೆಯಿಂದ ಕೆಳಗಿಳಿಯುವುದೇ ಅಪರೂಪ. ಆದುದರಿಂದ ಕೀಲಿನ ಮೇಲೆ ಕುಳಿತ ಲವಣದ ಧೂಳು ತಿಂಗಳುಗಟ್ಟಲೆ ಉಪ್ಪುನೀರಿನ ಪೊರೆಯಾಗಿ ಉಳಿಯುತ್ತದೆ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಗದ್ದೆ ಬೇರೆ ಬೇಕೆ?

ಮಳೆಗಾಲದಲ್ಲಿ ಯಂತ್ರವನ್ನು ಜೋಪಾನವೆಂದು ಕಪಾಟಿನಲ್ಲಿಟ್ಟು ಬೀಗ ಹಾಕುವವರುಂಟು. ಇದು ತಪ್ಪು ಜೋಪಾನ. ನಡೆಯುತ್ತಿರುವ ಯಂತ್ರ ಬೆಚ್ಚಗಿರುತ್ತದೆ. ಬೆಚ್ಚಗಿನ ಹಲಗೆಯ ಸುತ್ತ ಸಾಪೇಕ್ಷ ಆರ್ದ್ರತೆ ಇಳಿದು ಪೊರೆ ಆರುತ್ತದೆ. ಇದಕ್ಕಿಂತಲೂ ಹೆಚ್ಚಿನ ಅಪಾಯ ಹವಾನಿಯಂತ್ರಿತ ಕೊಠಡಿಯಿಂದ ಬರುತ್ತದೆ. 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಅವರು ಬಡವರ ಔಷಧಾಲಯವಾಗಿ ಆರಂಭಿಸಿದ ಸಂಸ್ಥೆ ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿರುವ ಕಂಕನಾಡಿಯಲ್ಲಿ ಗಣಕ ಹಿಡಿದ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. 20 ಡಿಗ್ರಿಗೆ ತಣಿಸಿದ ಕೊಠಡಿಯಲ್ಲಿ ಎರಡು ಗಂಟೆ ಕುಳಿತ ಯಂತ್ರವನ್ನು ಜುಲೈ ತಿಂಗಳ ಹೊರಗಾಳಿಗೆ ತಂದಿರೆಂದು ಭಾವಿಸಿ. ಆ ಗಾಳಿಯ ಇಬ್ಬನಿ ಬಿಂದು 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವಂತೆಯೇ ಯಂತ್ರದ ಒಳಮೈಯೂ ಬೆವರುತ್ತದೆ. ಅದು ಬೆಚ್ಚಗಾಗುವವರೆಗೆ, ಅರ್ಧ ಗಂಟೆಯಷ್ಟು ಕಾಲ, ಚೀಲದೊಳಗೇ ಬಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ನೆನೆದ ಯಂತ್ರವನ್ನು ಅಕ್ಕಿಯಲ್ಲಿ ಹೂಳುವ ಪದ್ಧತಿಯಿಂದ ಮಾತ್ರ ಅಕ್ಕಿಗೂ ಸುಖವಿಲ್ಲ, ಯಂತ್ರಕ್ಕೂ ಇಲ್ಲ. ಹಿಟ್ಟಿನ ಧೂಳು ಒಳಸೇರುತ್ತದೆ, ನೀರಿನೊಡನೆ ಬಂದ ಲವಣ ಹಾಗೆಯೇ ಉಳಿಯುತ್ತದೆ.

ಕೀಲಿನ ಮಗ್ಗುಲಲ್ಲೇ ಇನ್ನೊಂದು ದುರ್ಬಲ ಸ್ಥಾನವಿದೆ. ತಳದಿಂದ ತೆರೆಗೆ ಚಿತ್ರವನ್ನೂ ಬೆಳಕನ್ನೂ ಒಯ್ಯುವ ತಂತಿಪಟ್ಟಿ ಕೀಲಿನ ಸಂದಿಯಲ್ಲಿ ಹಾದುಹೋಗುತ್ತದೆ. ತೆರೆ ಮಗುಚಿದಷ್ಟು ಸಲವೂ ಅದು ಬಾಗಬೇಕು. ಒಂದೇ ಸಲಕ್ಕೆ ಮುರಿಯಲಾರದ ಲೋಹವು ಸಣ್ಣ ಬಲಕ್ಕೆ ಸಾವಿರಾರು ಸಲ ಸಿಕ್ಕಿದಾಗ ಮುರಿಯುವುದನ್ನು ಲೋಹದ ಬಳಲಿಕೆ ಎನ್ನುತ್ತಾರೆ. ಇದನ್ನು ಲೋಕಕ್ಕೆ ಮನಗಾಣಿಸಿದ್ದು ರೈಲು. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಹೊರಟ ರೈಲಿನ ಇಂಜಿನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ ಅಚ್ಚುಗಳನ್ನು ವರ್ಷಾನುಗಟ್ಟಲೆ ತಿರುಗಿಸಿ ಬಾಗಿಸಿ, ಬಲಕ್ಕೂ ಬಾಳಿಕೆಗೂ ಇರುವ ನಂಟನ್ನು ಗುರುತಿಸಿದನು. ಹಿಂದೆ ಕಂಕನಾಡಿಯೆಂದೇ ಹೆಸರಿದ್ದ ಈಗಿನ ಮಂಗಳೂರು ಜಂಕ್ಷನ್ ನಿಲ್ದಾಣದಲ್ಲಿ ನಿಂತು ಹೋಗುವ ರೈಲುಗಳ ಅಚ್ಚುಗಳಿಗೂ, ಕೀಲಿನೊಳಗಿನ ಕೂದಲೆಳೆಯಂತಹ ತಾಮ್ರಕ್ಕೂ ಅನ್ವಯಿಸುವ ನಿಯಮ ಒಂದೇ.

ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಇಮ್ಮಡಿಯಿಂದ ಭಾಗಿಸಿದರೆ ಹೊರಮೈ ಎಷ್ಟು ಎಳೆಯಲ್ಪಡುತ್ತದೆಂಬುದು ಸಿಕ್ಕುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಪಟ್ಟಿ 5 ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗಿದರೆ ಎಳೆತ ನೂರಕ್ಕೆ 1. ಅದೇ ಪಟ್ಟಿ 1 ಮಿಲಿಮೀಟರ್ ತ್ರಿಜ್ಯಕ್ಕೆ ಬಾಗಿದರೆ ನೂರಕ್ಕೆ 5. ಯಂತ್ರ ತೆಳ್ಳಗಾದಷ್ಟೂ ಬಾಗು ಕಡಿದಾಗುತ್ತದೆ. ಮಗುಚುವ ಯಂತ್ರವಲ್ಲದಿದ್ದರೂ ಆಪಲ್ ಸಂಸ್ಥೆಯ 2016ರ 13 ಅಂಗುಲದ ಮ್ಯಾಕ್‌ಬುಕ್ ಪ್ರೊ ಇದಕ್ಕೆ ಪ್ರಸಿದ್ಧ ಉದಾಹರಣೆ: ಕೀಲಿನ ಬಳಿಯ ಪಟ್ಟಿ ಸವೆದು ತೆರೆಯ ಬೆಳಕು ಕೆಡತೊಡಗಿತು, 2018ರ ಮಾದರಿಯಲ್ಲಿ ಪಟ್ಟಿ ಸುಮಾರು 2 ಮಿಲಿಮೀಟರ್ ಉದ್ದವಾಯಿತು, 2019ರ ಮೇ ತಿಂಗಳಲ್ಲಿ ಸಂಸ್ಥೆ ಉಚಿತ ದುರಸ್ತಿಯನ್ನು ಘೋಷಿಸಿತು. ಒಂದು ಕೋನದಲ್ಲಿ ತೆರೆ ಬೆಳಗಿ ಇನ್ನೊಂದು ಕೋನದಲ್ಲಿ ಮಿಣುಕಿದರೆ ಈ ಪಟ್ಟಿಯನ್ನೇ ಮೊದಲು ಶಂಕಿಸಬೇಕು; ಇಡೀ ತೆರೆಯನ್ನು ಬದಲಿಸಲು ಅವಸರಪಡಬಾರದು.

ಬ್ಯಾಟರಿಯ ಕಥೆ ಎಲ್ಲ ಲ್ಯಾಪ್‌ಟಾಪುಗಳಿಗೂ ಸಮಾನವಾದುದರಿಂದ ಎರಡೇ ಮಾತು. ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಪೂರ್ಣ ಆವರ್ತನಗಳಲ್ಲಿ ತನ್ನ ಧಾರಣಶಕ್ತಿಯ ಐದನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ; ಸೆಕೆಯಲ್ಲಿ ಸದಾ ಪೂರ್ತಿ ತುಂಬಿಟ್ಟರೆ ಇನ್ನೂ ಬೇಗ. ಅನೇಕ ಯಂತ್ರಗಳಲ್ಲಿ ನೂರಕ್ಕೆ 80ಕ್ಕೆ ತುಂಬುವುದನ್ನು ನಿಲ್ಲಿಸುವ ಏರ್ಪಾಡಿದೆ. ಹಳೆಯ ಬ್ಯಾಟರಿಯೊಳಗೆ ಅನಿಲ ಹುಟ್ಟಿ ಅದು ಊದಿಕೊಂಡರೆ ತೆಳು ಯಂತ್ರದ ತಳ ಉಬ್ಬಿ ಕೀಲಿನ ಬುಡವನ್ನೂ ನೂಕುತ್ತದೆ. ಅಂತಹುದನ್ನು ಒತ್ತಿ ಕೂರಿಸಲು ಹೋಗಕೂಡದು, ಬೆಂಕಿಯ ಭಯವಿದೆ.

ದುರಸ್ತಿಯ ವಿಷಯದಲ್ಲಿ ಈ ಜಾತಿಯ ಯಂತ್ರಗಳು ಜಿಪುಣ. ಗಾಜು, ಸ್ಪರ್ಶಪದರ, ಚಿತ್ರಪದರಗಳನ್ನು ಒಂದಾಗಿ ಅಂಟಿಸಿರುವುದರಿಂದ ಗಾಜು ಸೀಳಿದರೂ ಮೂರನ್ನೂ ಕೊಳ್ಳಬೇಕಾಗುತ್ತದೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪಿನ ಮೇಲೆ ದುರಸ್ತಿಯ ಸುಲಭತೆಗೆ ಹತ್ತಕ್ಕೆ ಇಷ್ಟು ಎಂಬ ಅಂಕವನ್ನು ಅಂಗಡಿಯಲ್ಲೇ ತೋರಿಸಬೇಕಾಯಿತು. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆಯಿತು. ಕೊಳ್ಳುವವರು ಅಂಗಡಿಯಲ್ಲಿ ತೆರೆಯ ಹೊಳಪನ್ನು ಮಾತ್ರ ನೋಡದೆ, ಕೀಲಿನ ಬುಡ ಲೋಹದ ಚೌಕಟ್ಟಿಗೆ ಕೂಡಿದೆಯೆ, ಪ್ಲಾಸ್ಟಿಕ್ಕಿಗೆ ಕೂಡಿದೆಯೆ ಎಂದು ಕೇಳಬೇಕೆಂದು ನನ್ನ ಮತ. ಈಗಾಗಲೇ ಕೊಂಡವರು ಆಗಾಗ ಕೀಲಿನ ಬಳಿಯ ಅಂಚನ್ನು ಗಮನಿಸಲಿ. ತೆರೆ ತಿರುಗಿಸುವಾಗ ಅಲ್ಲಿ ಉಗುರು ತೂರುವಷ್ಟು ಬಿರುಕು ಬಾಯಿ ಬಿಟ್ಟರೆ, ಅಥವಾ ಕಿರುಗುಟ್ಟಿದರೆ, ಆ ದಿನವೇ ತಿರುಗಿಸುವುದನ್ನು ನಿಲ್ಲಿಸಿ ದುರಸ್ತಿಯವರಲ್ಲಿ ನಟ್ಟು ಸಡಿಲಿಸಬೇಕು. ಆಗ ಅದು ಹತ್ತು ನಿಮಿಷದ ಕೆಲಸ.

ನಮ್ಮ ಹುಡುಗಿಯ ಯಂತ್ರಕ್ಕೆ ಆ ಹತ್ತು ನಿಮಿಷ ದಾಟಿಹೋಗಿತ್ತು. ದುರಸ್ತಿಯವರು ಬಿರಿದ ಗುಬುಟುಗಳನ್ನು ಎಪಾಕ್ಸಿ ಅಂಟಿನಿಂದ ಕಟ್ಟಿ, ಬಳೆಗಳನ್ನು ಮರಳಿ ಕೂರಿಸಿ, ಒಂದು ಹಗಲು ಒಂದು ರಾತ್ರಿ ಆರಲು ಬಿಟ್ಟರು. ಅಚ್ಚಿನ ತುಕ್ಕು ಒರೆಸಿ, ಹೊಸ ಗ್ರೀಸು ಸವರಿ, ನಟ್ಟನ್ನು ಅರ್ಧ ಸುತ್ತು ಸಡಿಲಿಸಿದರು. ಈಗ ಬೆರಳಿಟ್ಟರೆ ತೆರೆ ತುಸು ಓಲಾಡುತ್ತದೆ. ಅವಳು ಅದನ್ನು ನಡುವೆ ಹಿಡಿದು, ಎರಡೂ ಕೈಗಳಿಂದ ಎತ್ತಲು ಕಲಿತಿದ್ದಾಳೆ.